ಯಾರೂ ನೋಡದ ಸ್ವಿಚ್ಚುಗಳು

ಸಂದರ್ಶಕರ ಬಿಲ್ಲೆಯನ್ನು ತಿರುವುಮುರುವಾಗಿ ನೇತುಹಾಕಿಕೊಂಡಿದ್ದಾನೆ, ಫೋಟೊ ಅವನ ಎದೆಯ ಕಡೆಗೆ, ಬಿಳಿ ಬೆನ್ನು ನಮ್ಮ ಕಡೆಗೆ, ಇರಲಿ, ಒಂದು ಕಾಲಕ್ಕೆ ಈ ಕಟ್ಟಡದ ಬಾಗಿಲುಗಳೆಲ್ಲ ಅವನ ಕಾರ್ಡಿಗೆ ಕಿರ್ರೆನ್ನದೆ ತೆರೆದುಕೊಳ್ಳುತ್ತಿದ್ದವು, ಇವತ್ತು ಕೆಳಗೆ ಯಾರನ್ನು ನೋಡಬೇಕು ಸಾರ್ ಅಂತ ಕೇಳಿಸಿಕೊಂಡು ನನ್ನ ಹೆಸರು ಹೇಳಿ ಮೇಲೆ ಬಂದಿದ್ದಾನೆ — ನನ್ನ ಹೆಸರು, ಅವನ ಬಾಯಿಂದ, ಅಕ್ಷರ ಬಿಡಿಸಿ ಬಿಡಿಸಿ, ಮೆಟ್ಟಿಲ ಹತ್ತಿರ ನಿಂತಾದರೂ ಕೇಳಿಸಿಕೊಳ್ಳಬೇಕಿತ್ತು. ಏನೇ ಪುಟ್ಟಿ, ಚೆನ್ನಾಗಿದ್ದೀಯಾ, ನಿಮ್ಮಕ್ಕ ಕೇಳ್ತಿದ್ದಳು. ಚೆನ್ನಾಗಿದ್ದೀನಿ ಭಾವ, ಕೂತ್ಕೊಳ್ಳಿ. ಬಾಯಲ್ಲಿ ನೀವು, ಒಳಗೆ ಅವನು. ತಲೆ ನರೆತ ಮೇಲೂ ನಾನು ಪುಟ್ಟಿ, ಅದೂ ಕಚೇರಿಯಲ್ಲಿ, ತಾತನ ಎದುರಿಗೆ. ತಾತ ಎಂದರೆ ನಮ್ಮೆಲ್ಲರ ತಾತ, ಕರ್ನಲ್ಲಿನೊಳಗೆ, ಕಂಪ್ಯೂಟರಿನ ಪ್ರೋಗ್ರಾಮುಗಳನ್ನೆಲ್ಲ ಹೊತ್ತು ನಡೆಸುವ ಆ ತಿರುಳಿನೊಳಗೆ, ಯಾವ ಬದಲಾವಣೆ ಹೋಗಬೇಕು ಯಾವುದು ಕೂಡದು ಎಂದು ಕೊನೆಯ ಮಾತು ಹೇಳುವವರು, ಕನ್ನಡಕ ಹಣೆಗೇರಿಸಿ ಪೆನ್ನಿನ ಮುಚ್ಚಳ ಕಚ್ಚುತ್ತಾ ಕೂತಿದ್ದಾರೆ, ನೆಂಟಸ್ತಿಕೆ ಅವರ ಕಿವಿಗೆ ಬೀಳುವುದೇ ಇಲ್ಲ, ಅದು ಅವರ ದೊಡ್ಡ ಗುಣ. ಹೇಳಿ, ನಿಮ್ಮ ತಕರಾರು ಏನು, ಎಂದರು. ಹೇಳು ಭಾವ, ನಿಧಾನವಾಗಿ ಹೇಳು, ನನಗೆ ಯಾವ ಅವಸರವೂ ಇಲ್ಲ.

ಆವತ್ತು ಅವಸರವಿದ್ದದ್ದು ಅವನಿಗೆ. ಮೆಮೊರಿ ಹಂಚುವ ಹೊಸ ಕ್ರಮವನ್ನು ಒಂದಿಡೀ ಚಳಿಗಾಲ ಕೂತು ನಾನು ಬರೆದದ್ದು, ಸಮ್ಮೇಳನದ ವೇದಿಕೆ ಹತ್ತಿ ನಾವು ಮಾಡಿದೆವು ಎಂದಿದ್ದರೂ ನುಂಗಿಕೊಳ್ಳುತ್ತಿದ್ದೆ, ನಾನು ಮಾಡಿದೆ ಎಂದ, ಮುಂದಿನ ಸಾಲಿನ ಕಡೆ ಕೈ ತೋರಿಸಿ ಇವಳು ನನ್ನ ನಾದಿನಿ, ಟೈಪಿಂಗ್‌ಗೆ ತುಂಬಾ ಸಹಾಯ ಮಾಡಿದಳು ಎಂದ, ಸಭೆ ನಕ್ಕಿತು, ನಾನೂ ನಕ್ಕೆ, ಆ ನಗು ಇವತ್ತಿಗೂ ಗಂಟಲಲ್ಲಿ ಮೀನಿನ ಮುಳ್ಳು. ಮನೆಯಲ್ಲಿ ಕೇಳಿದರೆ ಅನ್ನ ಕಲಸುತ್ತಾ ಮನೆ ಮಾತು ಆಫೀಸಿಗೆ, ಆಫೀಸು ಮಾತು ಮನೆಗೆ ತರಬಾರದು ಪುಟ್ಟಿ ಅಂದ, ಅಕ್ಕ ತಟ್ಟೆ ನೋಡುತ್ತಾ ಬಿಟ್ಟುಬಿಡೇ, ನನಗೆ ಇಬ್ಬರೂ ಬೇಕು ಅಂದಳು. ಬಿಟ್ಟೆ. ಆ ಹೆಸರಿನ ಮೇಲೆಯೇ ಅವನು ಕಂಪನಿ ತೆರೆದ, ಸಣ್ಣ ಕಾರ್ಖಾನೆಗಳಲ್ಲಿ ಲೋಹ ಕೊರೆಯುವ ಲೇತ್ ಯಂತ್ರಗಳನ್ನು ನಡೆಸುವ ಪ್ರೋಗ್ರಾಮು, ನಮ್ಮ ಕರ್ನಲ್ಲಿನ ಮೇಲೆ ಓಡುವುದು, ಅಂದರೆ ನನ್ನ ಬೆನ್ನಿನ ಮೇಲೆ ಓಡುವುದು.

ಈಗ ಅವನ ಜುಟ್ಟು ನನ್ನ ಕೈಯಲ್ಲಿದೆ, ಅದೂ ಎಂಥ ಚಿಕ್ಕ ಜುಟ್ಟು, ಒಂದು ಸ್ವಿಚ್ಚು. ಪ್ರೋಗ್ರಾಮು ಕರ್ನಲ್ಲಿನ ಹತ್ತಿರ ಮೆಮೊರಿ ಬೇಡುವಾಗ ಜೊತೆಯಲ್ಲೊಂದು ಸ್ವಿಚ್ಚುಗಳ ಸಾಲು ಕಳಿಸುತ್ತದೆ, ಕೆಲವಕ್ಕೆ ಅರ್ಥವುಂಟು, ಉಳಿದವು ಮುಂದೆಂದಾದರೂ ಬೇಕಾದೀತೆಂದು ಖಾಲಿ ಬಿಟ್ಟವು, ಮುಟ್ಟಬೇಡಿ ಎಂದು ಕೈಪಿಡಿ ಹೇಳುತ್ತದೆ, ಆದರೆ ಮುಟ್ಟಿದರೋ ಇಲ್ಲವೋ ಎಂದು ಕರ್ನಲ್ಲು ಒಂದು ದಿನವೂ ತಿರುಗಿ ನೋಡಲಿಲ್ಲ. ನಾನೀಗ ಖಾಲಿಯಿದ್ದ ಒಂದಕ್ಕೆ ಅರ್ಥ ಕೊಡುತ್ತಿದ್ದೇನೆ: ಜಾಗ ಸಾಲದಾದರೆ ಈ ಮೆಮೊರಿಯಲ್ಲಿ ಇರುವುದನ್ನು ನನ್ನನ್ನು ಕೇಳದೆ ಎಸೆದುಬಿಡು. ಮತ್ತೆ ತಯಾರಿಸಿಕೊಳ್ಳಬಹುದಾದ ಚಿತ್ರ ಗಿತ್ರ ಇಟ್ಟುಕೊಳ್ಳುವವರಿಗೆ ಅದು ವರ, ಎಸೆದ ಮೇಲೆ ಬಂದು ನೋಡಿದರೆ ಅಲ್ಲಿರುವುದು ಬರೀ ಸೊನ್ನೆ. ತಾತ ಕೇಳುತ್ತಿದ್ದಾರೆ, ಆ ಸ್ವಿಚ್ಚನ್ನು ನಿಮ್ಮ ಪ್ರೋಗ್ರಾಮು ಯಾಕೆ ಒತ್ತುತ್ತೆ. ಅವನು ನೀರು ಕುಡಿಯುತ್ತಾನೆ. ಕುಡಿ. ಅದು — ಯಾವುದಕ್ಕೂ ಇರಲಿ ಅಂತ ಎಲ್ಲ ಸ್ವಿಚ್ಚೂ ಒತ್ತಿಟ್ಟಿದ್ವಿ. ಒತ್ತಿಟ್ಟಿದ್ವಿ! ಕದ್ದಾಗ ನಾನು, ಎಡವಿದಾಗ ನಾವು. ಬಂದ ನಗುವನ್ನು ಕೆಮ್ಮು ಮಾಡಿದೆ. ತಾತ ಮುಚ್ಚಳ ಬಾಯಿಂದ ತೆಗೆದರು, ಎಲ್ಲವನ್ನೂನಾ? ಎಲ್ಲವನ್ನೂ. ಹಾಗಾದರೆ ಪ್ರೋಗ್ರಾಮು ತಿದ್ದಿ ಕಳಿಸಿ, ಎಂದರು ತಾತ. ಅರ್ಧ ಕಾರ್ಖಾನೆಗಳ ವಿಳಾಸವೇ ನಮ್ಮ ಹತ್ರ ಇಲ್ಲ ಸಾರ್, ಯಂತ್ರಗಳು ಕೈಯಿಂದ ಕೈಗೆ ಹೋಗಿವೆ, ನಿಮ್ಮ ಕರ್ನಲ್ ತಾನಾಗೇ ಹೊಸದಾಗುತ್ತೆ, ನಮ್ಮದು ಆಗಲ್ಲ, ಕೈಪಿಡಿಯಲ್ಲಿ ಬರೆದಿದೆ ಸರಿ, ಇಷ್ಟು ವರ್ಷ ನೀವ್ಯಾಕೆ ಬೇಡ ಅನ್ನಲಿಲ್ಲ? ಹಾಳಾದವನು, ಆ ಒಂದು ಮಾತು ನಿಜ, ನಿನ್ನೆ ಓಡುತ್ತಿದ್ದದ್ದು ಇವತ್ತು ನಿಂತರೆ ತಪ್ಪು ಕರ್ನಲ್ಲಿನದು, ತಾತ ನಮಗೆ ಕಲಿಸಿದ ಮೊದಲ ಪಾಠ, ಆಗ ಪಕ್ಕದಲ್ಲಿ ಕೂತು ಹಳೇ ಬಳಕೆದಾರರು ಹಾಳಾಗಿ ಹೋಗ್ಲಿ ಬಿಡಿ ಎಂದು ನಗುತ್ತಿದ್ದವನು ಇವನೇ.

ಹೇಳಮ್ಮ, ನಿನ್ನ ಬದಲಾವಣೆ, ನಿನ್ನ ಮಾತು ಏನು. ನನ್ನ ಮಾತು ಎರಡು, ಎರಡೂ ಬರೆದು ಸಿದ್ಧವಾಗಿವೆ. ಒಂದು ನಾಲ್ಕು ಸಾಲಿನದು, ಪ್ರೋಗ್ರಾಮುಗಳು ಮೆಮೊರಿ ಬೇಡಲು ಬರುವ ಹಳೆಯ ಬಾಗಿಲಿನಲ್ಲೇ ಸ್ವಿಚ್ಚಿಗೆ ಅರ್ಥ ಕೊಡುವುದು, ಕೈಪಿಡಿ ನನ್ನ ಪರ, ಯಾರೂ ನನ್ನ ಕಡೆ ಬೆರಳು ತೋರಿಸುವ ಹಾಗಿಲ್ಲ, ಅವನ ಕಂಪನಿ ತಿಂಗಳೊಪ್ಪತ್ತಿನಲ್ಲಿ ಮಕಾಡೆ. ಇನ್ನೊಂದು ಹೊಸ ಬಾಗಿಲು, ಗೊತ್ತಿಲ್ಲದ ಸ್ವಿಚ್ಚು ಒತ್ತಿ ಬಂದವರನ್ನು ಹೊಸ್ತಿಲಲ್ಲೇ ತಡೆಯುವುದು, ಹಳೆಯದನ್ನು ಹಾಗೇ ಬಿಡುವುದು, ಅದರ ಹೊಲಿಗೆ ಮುಗಿಯಲು ಮತ್ತೊಂದು ಚಳಿಗಾಲ ಬೇಕು, ಅವನಿಗೋಸ್ಕರ ಮತ್ತೊಂದು ಚಳಿಗಾಲ, ಥೂ. ನಾಲ್ಕು ಸಾಲು, ನಾಲ್ಕೇ ಸಾಲು, ನಾಲಗೆಯ ತುದಿಯಲ್ಲಿದೆ — ಆದರೆ ನಿನ್ನೆ, ಅವನ ಪ್ರೋಗ್ರಾಮನ್ನು ಆ ನಾಲ್ಕು ಸಾಲು ಸೇರಿಸಿದ ನನ್ನ ಪರೀಕ್ಷೆಯ ಕರ್ನಲ್ಲಿನ ಮೇಲೆ ಓಡಿಸಿದ್ದೆ, ಪರದೆಯ ಮೇಲೆ ಅಣಕು ಲೇತ್ ಸುತ್ತುತ್ತಿತ್ತು, ಒಂದು ಲೋಹದ ತುಂಡು ಕೊರೆದು ಮುಗಿಸಿ ಉಳಿಯಂಥ ಟೂಲು ದೂರ ಸರಿದು ನಿಂತಿತು, ಕೆಲಸದವರು ತುಂಡು ಬದಲಿಸಲೆಂದು, ಎಷ್ಟು ದೂರ ನಿಲ್ಲಬೇಕು ಎಂಬ ಅಂಕಿಯೂ ಅದೇ ಮೆಮೊರಿಯಲ್ಲಿ, ಜಾಗ ಸಾಲದಾಯಿತು, ಕರ್ನಲ್ಲು ಎಸೆಯಿತು, ಅಂಕಿ ಸೊನ್ನೆಯಾಯಿತು, ಟೂಲು ಸದ್ದಿಲ್ಲದೆ ಸೊನ್ನೆಯ ಕಡೆಗೆ, ತುಂಡು ಕಚ್ಚಿಕೊಂಡಿರುವ ಜಾಗಕ್ಕೇ ನೆಟ್ಟಗೆ ಹೊರಟಿತು. ಗೆದ್ದೆ ಅಂದುಕೊಂಡೆ. ಆಮೇಲೆ ಆ ಕಂಪನಿಯ ಜಾಹೀರಾತಿನ ವೀಡಿಯೊ ಹಾಕಿದೆ, ಇನ್ನಷ್ಟು ನಗೋಣವೆಂದು, ಕವಚವಿಲ್ಲದ ಹಳೇ ಯಂತ್ರ, ಯಾರದೋ ಕೈ ಬಂದು ಅದೇ ಜಾಗದಲ್ಲಿ ಲೋಹದ ಚೂರುಗಳನ್ನು ಸವರುತ್ತದೆ, ಮುಖ ಕಾಣುವುದಿಲ್ಲ, ಕೈ ಮಾತ್ರ, ಹೆಬ್ಬೆರಳ ಗಾಯಕ್ಕೆ ಸುತ್ತಿದ ಕೊಳಕು ಪಟ್ಟಿ.

ಹೊಸ ಬಾಗಿಲು. ಹೇಳಿದ್ದು ನಾನೇ. ತಾತ ತಲೆಯಾಡಿಸುತ್ತಾರೆ. ಹಳೇ ಬಾಗಿಲಿನ ಸ್ವಿಚ್ಚುಗಳನ್ನು ಇನ್ನು ಯಾವತ್ತೂ ಮುಟ್ಟೋ ಹಾಗಿಲ್ಲ, ಯಾಕೆ ಅಂತ ಕರ್ನಲ್ಲಿನ ಒಳಗೇ, ಆ ಸಾಲಿನ ಪಕ್ಕದಲ್ಲೇ ಬರೀತೀನಿ, ಕಂಪನಿ ಹೆಸರು ಸಮೇತ, ಅಂದೆ. ಬರೀಲೇಬೇಕು, ಕಾರಣ ಇಲ್ಲದೆ ನಾನು ಸೇರಿಸಲ್ಲ, ಅಂದರು ತಾತ. ಹೆಸರು ಯಾಕೆ ಪುಟ್ಟಿ, ಜಗತ್ತೆಲ್ಲ ಓದುತ್ತೆ, ಮನೆಯವರಲ್ವಾ ನಾವು. ಮನೆ ಮಾತು ಆಫೀಸಿಗೆ ತರಬಾರದು ಭಾವ. ಅವನ ಕಿವಿ ಕೆಂಪಾದದ್ದನ್ನು ಕಣ್ತುಂಬ ನೋಡಿದೆ, ಈ ಕರ್ನಲ್ಲು ಇರುವಷ್ಟು ದಿನ, ಅವನು ಸತ್ತ ಮೇಲೂ, ಮೊಮ್ಮಕ್ಕಳು ಓದಬೇಕು. ಆದರೂ ಎದ್ದು ನಿಂತವನ ಮುಖದಲ್ಲಿ ಮೆಲ್ಲಗೆ ಅದೇ ಹಳೇ ನಗು, ಏನೇ ಆದರೂ ಭಾವನ ಕೈ ಬಿಡಲಿಲ್ಲ ನೀನು, ಅಕ್ಕನಿಗೆ ಹೇಳ್ತೀನಿ, ಎಂದು ನನ್ನ ಭುಜ ತಟ್ಟಿ ಹೋದ, ಇದನ್ನೂ ಎತ್ತಿಕೊಂಡು ಹೋದ, ನಿನಗಲ್ಲವೋ, ನಿನಗಲ್ಲ ಎಂದು ಕೂಗಬೇಕಿತ್ತು, ಕೂಗಿ ಯಾರಿಗೆ ಎಂದು ಹೇಳಲಿ, ನನಗೆ ಆ ಕೈಯ ಮುಖವೇ ಗೊತ್ತಿಲ್ಲ. ಬರೆಯುತ್ತಿದ್ದೇನೆ. ಇಂಥ ಕಂಪನಿಯ ಪ್ರೋಗ್ರಾಮು ಎಲ್ಲ ಸ್ವಿಚ್ಚುಗಳನ್ನೂ ಒತ್ತಿ ಕಳಿಸುವುದರಿಂದ — ಇನ್ನೂ ಖಾರವಾಗಿ, ಅಜಾಗರೂಕತೆಯಿಂದ ಒತ್ತಿ ಕಳಿಸುವುದರಿಂದ — ಇನ್ನೂ ಖಾರ ಬೇಕು, ಅವನಿಗೆ ನಿದ್ದೆ ಬರಬಾರದು, ಕಳಿಸುವುದರಿಂದ, ಕಳಿಸುವುದರಿಂದ, ಚೂರು ಸವರುವ ಕೈ, ಪಟ್ಟಿ ಅರ್ಧ ಬಿಚ್ಚಿದೆ, ಹೆಬ್ಬೆರಳು ಸೊನ್ನೆಯ ಮೇಲೆ