ಆಂಟ್ ಬೈನಾ ಅಲಸಂದೆ (ಹೆಸರು ಬದಲಾಗಬಹುದು)

೧

ಈ ಕಥೆಯನ್ನು ಬಾಗಿಲಿನಿಂದ ಶುರು ಮಾಡಲೋ ಬೀಜದಿಂದಲೋ? ಬೀಜದಿಂದ ಅಂದರೆ ನೀವು ಕೃಷಿ ಇಲಾಖೆಯ ಕರಪತ್ರವೆಂದುಕೊಂಡು ಪುಟ ಮಗುಚುತ್ತೀರಿ. ಬಾಗಿಲಿನಿಂದಲೇ ನೋಡೋಣ.

“ಮಂಗಳವಾರ ಸಂಜೆ ಸಹಕಾರಿ ಅಂಗಡಿಯ ಹಿಂದಿನ ಕೋಣೆಗೆ ಮ್ಯಾನೇಜರ್ ಟಾಡ್ ಹಾಲಿಸ್ ಬಂದರು. ಅವರ ಹಿಂದೆಯೇ ಅರ್ನಸ್ಟೀನ್ ಬಂದಳು, ಕೈಯಲ್ಲಿ ಸಿಹಿಗೆಣಸಿನ ಪೈ.”

ಸಪ್ಪೆ. (ಬಾಗಿಲಿನಿಂದ ಶುರುವಾಗುವ ಕಥೆಗಳ ಹಣೆಬರಹವೇ ಇಷ್ಟು. ಎಲ್ಲರೂ ಬರುತ್ತಾರೆ, ಕೂರುತ್ತಾರೆ.) ಹೊಡೆದು ಹಾಕಬೇಕೆಂದುಕೊಂಡೆ, ಹಾಕಲಿಲ್ಲ. ಇರಲಿ ಅಲ್ಲೇ, ಆಮೇಲೆ ಬೇಕಾಗಬಹುದು.

೨

ಹಾಗಾದರೆ ಬೀಜ. ಕೆಂಪು ಮೈ, ಹೊಟ್ಟೆಯ ಮೇಲೆ ಕರಿ ಚುಕ್ಕಿ. ನಮ್ಮ ಅಲಸಂದೆಯೇ, ಗಾತ್ರದಲ್ಲಿ ತುಸು ಚಿಕ್ಕದು. ದಕ್ಷಿಣ ಕೆರೊಲೈನಾದ ಈ ದ್ವೀಪಕ್ಕೆ ಅದು ಆಫ್ರಿಕಾದಿಂದ ಬಂತು, ಸರಪಳಿ ಹಾಕಿಸಿಕೊಂಡು ಬಂದವರ ಜೊತೆಗೆ. ಹೊಸ ವರ್ಷದ ದಿನ ಅಕ್ಕಿಯ ಜೊತೆ ಇದನ್ನು ಬೇಯಿಸದ ಮನೆ ಇಲ್ಲಿಲ್ಲ. ಆದರೆ ಈಗ ಬೇಯುವುದೆಲ್ಲ ಸೂಪರ್‌ಮಾರ್ಕೆಟ್ಟಿನ ಕಾಳು. ಹಳೆಯ ತಳಿ ಉಳಿದಿರುವುದು ಒಂದೇ ಕಡೆ: ಎಪ್ಪತ್ತೆಂಟು ವರ್ಷದ ಅರ್ನಸ್ಟೀನ್ ಮ್ಯಾನಿಗೋಳ ಫ್ರೀಜರಿನಲ್ಲಿ, ಸೀಗಡಿಯ ಪೊಟ್ಟಣಗಳ ಕೆಳಗೆ, ಒಂದು ತಗಡಿನ ಡಬ್ಬಿಯೊಳಗೆ. ಹೊರಗಿಟ್ಟರೆ ಹುಳು ಹಿಡಿಯುತ್ತದೆ.

ಆ ಬೀಜವನ್ನು ಪೊಟ್ಟಣ ಕಟ್ಟಿ ದ್ವೀಪದ ಮನೆಮನೆಗೂ ಹಂಚಬೇಕು ಎಂಬುದು ಮೊಮ್ಮಗಳು ಕೆಜಾಯಾಳ ಆಸೆ. ಅವಳಿಗೆ ಇಪ್ಪತ್ತಾರು, ನಮ್ಮ ಅಂಗಡಿಯ ಚೀಟಿ, ಫಲಕ, ಪೊಟ್ಟಣಗಳ ಚಿತ್ರ ಬರೆಯುವವಳು. ಹಾಲಿಸ್ ಅವರು ಒಪ್ಪಿದರು. ಅರ್ನಸ್ಟೀನ್ ಕೂಡ ಹೂಂ ಅಂದಳು. ಆರು ನೂರು ಪೊಟ್ಟಣ ಅಚ್ಚಾಗಿ ಬಂದವು. ಶುಕ್ರವಾರ ಬೆಳಿಗ್ಗೆ ಬೀಜ ತುಂಬುವುದೊಂದು ಬಾಕಿ.

(ನಾನು ಯಾರು ಅಂದಿರಾ? ಕನ್ನಡನಾಡಿನಿಂದ ಬಂದು ಈ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಅಕ್ಕಿ ಬೇಳೆ ತೂಗುವ ಪ್ರಾಣಿ. ಬಿಡುವಾದಾಗ ಕಥೆಗಾರ. ನನ್ನನ್ನು ಅಷ್ಟಾಗಿ ನಂಬಬೇಡಿ, ತಕ್ಕಡಿಯನ್ನು ನಂಬಿ.)

೩

ಆ ಮಂಗಳವಾರ ಏನಾಯಿತೆಂದರೆ, ಹಾಲಿಸ್ ಅವರು ‘ಊಟ ಮತ್ತು ವರ್ಣಭೇದ: ಒಂದು ಕಲಿಕೆಯ ಕೂಟ’ ಎಂದು ವಾರಕ್ಕೊಂದು ಸಭೆ ನಡೆಸುತ್ತಿದ್ದರು. ಬಿಳಿಯರು, ಕಪ್ಪು ಜನ, ನಾನು, ಎಲ್ಲರೂ ಎದೆಯ ಮೇಲೆ ಹೆಸರಿನ ಚೀಟಿ ಅಂಟಿಸಿಕೊಂಡು ಕೂರುತ್ತಿದ್ದೆವು. ಮೊದಲ ವಾರ, ಕಪ್ಪು ರೈತರ ಹೊಲಗಳು ಯಾರ ಪಾಲಾದವು. ಎರಡನೆಯ ವಾರ, ದ್ವೀಪದ ಆ ತುದಿಯಲ್ಲಿ ತಾಜಾ ತರಕಾರಿ ಸಿಗುವ ಒಂದಂಗಡಿಯೂ ಏಕಿಲ್ಲ. ಹಾಲಿಸ್ ಅವರು ಒಳ್ಳೆಯ ಮನುಷ್ಯ. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು, ಕೆಮ್ಮಿದರೂ ಬರೆದುಕೊಂಡಾರು. ಮೂರನೆಯ ವಾರ ಪೊಟ್ಟಣವನ್ನು ಎತ್ತಿ ಹಿಡಿದರು.

“ಅಜ್ಜಿ, ನೋಡು, ನಿನ್ನ ಅಮ್ಮ!” ಎಂದಳು ಕೆಜಾಯಾ.

ತಲೆಗೆ ಬಟ್ಟೆ ಕಟ್ಟಿದ ಕಪ್ಪು ಹೆಂಗಸು, ಬಾಯಿ ತುಂಬ ನಗು. ಕೆಳಗೆ ದುಂಡನೆಯ ಅಕ್ಷರ: ಆಂಟ್ ಬೈನಾ ಅಲಸಂದೆ. ಆ ಹೆಸರನ್ನು ಕೆಜಾಯಾ ಸುಮ್ಮನೆ ಕಟ್ಟಿರಲಿಲ್ಲ. ಅವಳ ಮುತ್ತಜ್ಜಿ ಅಡುಗೆಗಿದ್ದ ದೊಡ್ಡಮನೆ ಈಗ ಮ್ಯೂಸಿಯಂ. ಅಲ್ಲಿನ ಬಿಳಿ ಯಜಮಾನಿಯ ಕೈಬರಹದ ಅಡುಗೆ ಪುಸ್ತಕದಲ್ಲಿ ‘ಆಂಟ್ ಬೈನಾಳ ಅಲಸಂದೆ, ಮಾಡುವುದು ಹೇಗೆಂದು ಅವಳನ್ನೇ ಕೇಳಬೇಕು’ ಎಂಬ ಒಂದು ಸಾಲು ಸಿಕ್ಕಿತ್ತು. ಮುತ್ತಜ್ಜಿಯ ಹೆಸರು ಕಾಗದದ ಮೇಲೆ ಕಂಡದ್ದು ಅದೇ ಮೊದಲು. ಆ ದಿನ ಅವಳು ಕಾರಿನಲ್ಲಿ ಕೂತು ಖುಷಿಗೆ ಅತ್ತಿದ್ದಳು.

ಅರ್ನಸ್ಟೀನ್ ಕನ್ನಡಕ ಹಾಕಿಕೊಂಡು ಓದಿದಳು. ಕನ್ನಡಕ ತೆಗೆದಳು. ಪೊಟ್ಟಣವನ್ನು ಚೀಲಕ್ಕೆ ಹಾಕಿಕೊಂಡು, ಮೇಜಿನ ಮೇಲಿದ್ದ, ಇನ್ನೂ ಕತ್ತರಿಸದ ಪೈಯನ್ನೂ ಎತ್ತಿಕೊಂಡು ಹೊರಟೇಬಿಟ್ಟಳು. ತಂದ ಪೈಯನ್ನು ವಾಪಸ್ ಒಯ್ದವರನ್ನು ಈ ದ್ವೀಪದಲ್ಲಿ ನಾನಂತೂ ಕಂಡಿಲ್ಲ, ಮದುವೆ ಮುರಿದುಬಿದ್ದ ಮನೆಯಿಂದಲೂ.

ಮರುದಿನ ಫೋನು ಬಂತು: ಬೀಜ ಕೊಡುವುದಿಲ್ಲ.

೪ (ಹರಿದು ಹಾಕಿದ್ದು)

ಇಲ್ಲಿ ನಾನು ಅರ್ನಸ್ಟೀನ್ ಬಾಯಲ್ಲಿ ಒಂದೂವರೆ ಪುಟದ ಭಾಷಣ ಇಟ್ಟಿದ್ದೆ. ಇತಿಹಾಸ, ನೋವು, ಘನತೆ, ಎಲ್ಲ ಇತ್ತು. ಇಂಗ್ಲಿಷಿನಲ್ಲಿ ಅರ್ಥ ಹೇಳಿದಾಗ ಕೆಜಾಯಾ ಮೂಗು ಮುರಿದಳು.

“ನಮ್ಮಜ್ಜಿ ಯಾವತ್ತಾದ್ರೂ ಇಷ್ಟುದ್ದ ಮಾತಾಡಿದ್ದಾಳಾ?”

“ಓದುವವರಿಗೆ ಅರ್ಥ ಆಗ್ಬೇಕಲ್ಲಮ್ಮ.”

“ಅವರಿಗೆ ಪಾಠ ಹೇಳೋಕೆ ನಮ್ಮಜ್ಜಿನೇ ಬೇಕಾ? ನಿನ್ ಕೆಲಸ ನೀನ್ ಮಾಡು.”

ಮಾಡುತ್ತೇನೆ. ನಮ್ಮೂರಲ್ಲಿ ಪಕ್ಕದ ಮನೆಯವರೂ ಆಂಟಿ, ಬಸ್ಸಿನಲ್ಲಿ ಸೀಟು ಕೊಟ್ಟವರೂ ಆಂಟಿ. ಇಲ್ಲಿ ಆ ಮಾತಿಗೆ ಬೇರೆ ನೆನಪಿದೆ. ಕಪ್ಪು ಹೆಂಗಸನ್ನು ಬಿಳಿಯರು ‘ಮಿಸೆಸ್’ ಎನ್ನುತ್ತಿರಲಿಲ್ಲ. ವಯಸ್ಸಾದ ಮೇಲೆ ಬರಿ ಹೆಸರು ಹಿಡಿದು ಕರೆಯಲು ಮುಜುಗರವಾದರೆ ‘ಆಂಟ್’ ಅಂಟಿಸುತ್ತಿದ್ದರು. ಪ್ರೀತಿ ತೋರಿಸಿದಂತೆಯೂ ಆಯಿತು, ಮರ್ಯಾದೆ ಉಳಿಸಿಕೊಂಡಂತೆಯೂ ಆಯಿತು. ಕೊಡಬೇಕಾದ ಮರ್ಯಾದೆಯನ್ನು ಕೊಡದೆ ಉಳಿಸಿಕೊಂಡದ್ದು ಅಂದೆ. ಅಷ್ಟೇ ಪಾಠ.

೫

ಬುಧವಾರ ಮಧ್ಯಾಹ್ನ ಕೆಜಾಯಾ ಅಜ್ಜಿಯ ಅಡುಗೆಮನೆಗೆ ಹೋದಳು. ಅರ್ನಸ್ಟೀನ್ ಸೀಗಡಿ ಸುಲಿಯುತ್ತಿದ್ದಳು. ಕೂರು ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ.

“ನಂಗೆ ಗೊತ್ತಿರಲಿಲ್ಲ ಅಜ್ಜಿ. ನೀನು ಯಾವತ್ತೂ ಹೇಳ್ಲೇ ಇಲ್ಲ.”

“ಮನೇಲಿ ಅವಳು ಅಮ್ಮ. ಹೊರಗಿನವರು ಏನಂತಿದ್ರು ಅಂತ ಊಟಕ್ಕೆ ಕೂತಾಗ ಹೇಳ್ಬೇಕಿತ್ತಾ?”

“ಅವಳ ಹೆಸರು ಉಳೀಲಿ ಅಂತ ಮಾಡ್ದೆ. ಆ ಪುಸ್ತಕ ಬಿಟ್ರೆ ಎಲ್ಲೂ ಬರೆದಿಲ್ಲವಲ್ಲ.”

ಅರ್ನಸ್ಟೀನ್ ಕೈ ಒರೆಸಿಕೊಂಡಳು. ಫ್ರೀಜರ್ ತೆಗೆದು ಡಬ್ಬಿಯನ್ನು ಮೇಜಿನ ಮೇಲಿಟ್ಟಳು. “ಓದು.”

ಹುಟ್ಟಿದಾಗಿನಿಂದ ನೋಡಿದ ಡಬ್ಬಿ ಅದು. ಮುಚ್ಚಳದ ಮೇಲೆ ಅಂಕುಡೊಂಕಾದ ದೊಡ್ಡಕ್ಷರಗಳಿದ್ದವು. ಕೆಜಾಯಾ ಇಷ್ಟು ವರ್ಷವೂ ಅದನ್ನು ಬಿಸ್ಕತ್ತಿನ ಕಂಪನಿಯ ಹೆಸರು ಅಂದುಕೊಂಡಿದ್ದಳು. ಈಗ ಮಂಜು ಒರೆಸಿ ನೋಡಿದರೆ, ಅಚ್ಚಲ್ಲ, ಮೊಳೆಯಲ್ಲಿ ಗೀಚಿದ್ದು. ಮಿಸೆಸ್ ಎಸ್. ಕೇಪರ್ಸ್.

“ಸಬೈನಾ ಕೇಪರ್ಸ್. ಬೈನಾ ಅನ್ನೋದು ಅಪ್ಪ ಕರೀತಿದ್ದ ಹೆಸರು, ಅದನ್ನೂ ಬಿಳಿಯರು ಕಿತ್ಕೊಂಡ್ರು,” ಎಂದಳು ಅರ್ನಸ್ಟೀನ್. “ನಂಗಾಗ ಏಳು ವರ್ಷ. ಅಂಗಡಿಯವನು ಎಲ್ಲರೆದುರು ‘ಏನ್ ಬೇಕು ಆಂಟ್ ಬೈನಾ’ ಅಂದ. ಅಮ್ಮ ‘ಮಿಸೆಸ್ ಕೇಪರ್ಸ್’ ಅಂದ್ಲು, ಮೆಲ್ಲಗೆ. ಅವನು ನಕ್ಕು, ‘ಅದು ಇಲ್ಲಿನ ಪದ್ಧತಿ ಅಲ್ವಲ್ಲ’ ಅಂದ. ಮನೆಗೆ ಬಂದು ಮೊಳೆ ಹುಡುಕಿದ್ಲು. ಬೇರೆ ಎಲ್ಲಿ ಬರೀತಾಳೆ ಪಾಪ.”

ಕೆಜಾಯಾ ಮುಚ್ಚಳದ ಮೇಲೆ ಬೆರಳಾಡಿಸಿದಳು. ತಾನು ಬಿಡಿಸಿದ ಆ ನಗು ನೆನಪಾಗಿ ಅವಳಿಗೆ ನಾಚಿಕೆಯಾಯಿತು. ಫೋಟೋ ಇಲ್ಲದ ಮುಖಕ್ಕೆ ಆ ನಗುವನ್ನು ತಾನು ಎಲ್ಲಿಂದ ತಂದೆ ಎಂದು ಯೋಚಿಸಿದಳು.

(“ಇಲ್ಲಿ ನನ್ನನ್ನ ಅಳಿಸ್ತೀಯಾ?” ಎಂದು ಕೇಳಿದಳು. ಇಲ್ಲಮ್ಮ, ಕಾರಿನಲ್ಲಿ ಒಮ್ಮೆ ಅತ್ತಿದ್ದೀಯಲ್ಲ, ಸಾಕು ಅಂದೆ.)

೬

ಗುರುವಾರ ಬೆಳಿಗ್ಗೆ ಅಂಗಡಿಗೆ ಅಜ್ಜಿ, ಮೊಮ್ಮಗಳು ಇಬ್ಬರೂ ಬಂದರು. ವಿಷಯ ಕೇಳಿದ ಹಾಲಿಸ್ ಅವರು ಕೆಂಪಾದರು, ಕ್ಷಮೆ ಕೇಳಿದರು, ಕ್ಷಮೆ ಕೇಳಿದ ರೀತಿಗೂ ಕ್ಷಮೆ ಕೇಳಿದರು.

“ಇವನದು ಮುಗಿಯೋಷ್ಟರಲ್ಲಿ ನೆನೆಸದ ಕಾಳೂ ಬೆಂದು ಹೋಗುತ್ತೆ,” ಎಂದಳು ಅರ್ನಸ್ಟೀನ್ ನನ್ನ ಕಡೆ ತಿರುಗಿ.

“ಮಿಸ್ ಬೈನಾ ಅಂತ ಮಾಡಿದ್ರೆ?” ಎಂದರು ಹಾಲಿಸ್ ಅವರು.

“ಮಿಸೆಸ್. ಮದುವೆ ಆಗಿತ್ತು ಅವಳಿಗೆ. ಚರ್ಚಿನಲ್ಲೇ.”

“ಖಂಡಿತ, ಖಂಡಿತ. ಆದ್ರೆ ‘ಮಿಸೆಸ್ ಸಬೈನಾ ಕೇಪರ್ಸ್ ಅವರ ಅಲಸಂದೆ’ ಅಂದ್ರೆ… ಪೊಟ್ಟಣದಲ್ಲಿ ಜಾಗ ಸಾಲಲ್ಲ.”

“ಚಿತ್ರ ತೆಗೀತೀನಿ, ಜಾಗ ಆಗುತ್ತೆ,” ಎಂದಳು ಕೆಜಾಯಾ.

ಹಾಲಿಸ್ ಅವರು ಇದನ್ನೂ ಬರೆದುಕೊಂಡರು. ಹಳೆಯ ಚಿತ್ರದ ಮೇಲೆ ಅಂಟಿಸುವ ಚೀಟಿ ಸಂಜೆಯೊಳಗೆ ಅಚ್ಚಾಗುತ್ತದೆ ಎಂದರು. “ಹಾಗಿದ್ರೆ ನಾಳೆ ಬೀಜ…?”

“ನೋಡ್ತೀನಿ,” ಎಂದಳು ಅರ್ನಸ್ಟೀನ್. ಆಮೇಲೆ ನನ್ನತ್ತ ತಿರುಗಿ, “ನೀನು ಇದನ್ನೆಲ್ಲ ಬರೀತಿದ್ದೀಯಂತೆ. ಅಮ್ಮನ ಬಗ್ಗೆ ಮೊದಲೂ ಒಬ್ಬಳು ಪುಸ್ತಕದಲ್ಲಿ ಬರೆದಿದ್ಲು, ನೋಡಿದ್ವಲ್ಲ. ಮಧ್ಯಾಹ್ನ ಮನೆಗೆ ಬಾ. ಓದು.”

೭

ನನ್ನ ಬಳಿ ಮೂರು ಮುಕ್ತಾಯಗಳು ಸಿದ್ಧವಿದ್ದವು. ಒಂದರಲ್ಲಿ ಎಲ್ಲರೂ ಅಪ್ಪಿಕೊಳ್ಳುತ್ತಾರೆ. ಇನ್ನೊಂದರಲ್ಲಿ ಅರ್ನಸ್ಟೀನ್ ಬೀಜಗಳನ್ನು ಸಮುದ್ರಕ್ಕೆ ಎಸೆಯುತ್ತಾಳೆ. (ಇಷ್ಟು ವರ್ಷ ಆ ತಳಿಯನ್ನು ಕಾಪಾಡಿದವಳು ಎಸೆಯುತ್ತಾಳಾ? ನನ್ನ ಬುದ್ಧಿಗಿಷ್ಟು.) ಮೂರನೆಯದು ಹೊಸ ವರ್ಷದ ಊಟ. ಮೂರನ್ನೂ ಜೇಬಿನಲ್ಲಿಟ್ಟುಕೊಂಡು ಹೋದೆ.

ಒಂದೊಂದು ಸಾಲನ್ನೂ ಮೊದಲು ಕನ್ನಡದಲ್ಲೇ ಓದು, ಆಮೇಲೆ ಅರ್ಥ ಹೇಳು ಎಂದಳು ಅರ್ನಸ್ಟೀನ್. ಸದ್ದು ಕೇಳಬೇಕಂತೆ. ಓದಿದೆ, ನಿಮಗೆ ಓದಿದ ಹಾಗೆಯೇ, ಬಾಗಿಲಿನಿಂದ. ಕೆಜಾಯಾ ನಗುತ್ತಿದ್ದಳು. ಅರ್ನಸ್ಟೀನ್ ಕಣ್ಣು ಮುಚ್ಚಿ ಕೇಳುತ್ತಿದ್ದಳು.

“ನಿಲ್ಲಿಸು. ಟಾಡ್ ಬಂದಾಗ ಕೊನೇಲಿ ಒಂದು ಸದ್ದು ಮಾಡ್ದೆ. ರು ಅಂತ. ನಾನು ಬಂದಾಗ ಬೇರೆ. ಳು ಅಂತ. ಉದ್ದಕ್ಕೂ ಹಾಗೇ ಮಾಡ್ತಿದ್ದೀಯ. ಏನದು?”

“ಅದು ವ್ಯಾಕರಣ,” ಅಂದೆ.

“ಗಂಡಸಿಗೆ ರು, ಹೆಂಗಸಿಗೆ ಳು?”

“ಅಲ್ಲ… ಹೆಂಗಸಿಗೂ ರು ಹಾಕಬಹುದು. ದೊಡ್ಡವರಾದ್ರೆ.”

“ಟಾಡ್‌ಗೆಷ್ಟು ವಯಸ್ಸು?”

“ಮೂವತ್ತನಾಲ್ಕು.”

ನಾನು ಸಮಜಾಯಿಷಿ ಶುರು ಮಾಡಿದೆ. ಅವರು ಮ್ಯಾನೇಜರ್ ಅಂದೆ. ನೀವು ಆಪ್ತರು ಅಂತ ಹಾಗೆ ಬರೆದೆ ಅಂದೆ. ನಮ್ಮ ಕಥೆಗಳಲ್ಲಿ ಅದೇ ರೂಢಿ ಅಂದೆ.

“ಅಂಗಡಿಯವನೂ ಅದನ್ನೇ ಅಂದಿದ್ದ,” ಎಂದರು ಮಿಸೆಸ್ ಮ್ಯಾನಿಗೋ.

ಸಿಟ್ಟಿರಲಿಲ್ಲ ಅವರ ದನಿಯಲ್ಲಿ, ಕುತೂಹಲವಿತ್ತು. ಅದೇ ನನಗೆ ಹೆಚ್ಚು ತಾಗಿತು. ಹನ್ನೊಂದು ವರ್ಷದಿಂದ ಎದುರಿಗೆ ಸಿಕ್ಕಾಗಲೆಲ್ಲ ಮಿಸೆಸ್ ಮ್ಯಾನಿಗೋ ಎಂದೇ ಕರೆದಿದ್ದೇನೆ. ಅವರಿಗೆ ತಿಳಿಯದ ನನ್ನ ಭಾಷೆಗೆ ಬಂದ ಕೂಡಲೇ ಅರ್ನಸ್ಟೀನ್ ಎಂದೆ, ಬಂದಳು ಎಂದೆ. ಎರಡು ದಿನ ಬರೆದೆ, ತಿದ್ದಿದೆ, ಹರಿದೆ, ಒಮ್ಮೆಯೂ ಕಣ್ಣಿಗೆ ಬೀಳಲಿಲ್ಲ. (ನಿಮಗೆ ಬಿತ್ತಾ? ನಿಜ ಹೇಳಿ.)

“ಸರಿ ಮಾಡ್ತೀನಿ. ಟಾಡ್‌ಗೂ ‘ಬಂದ’ ಅಂತ ಹಾಕ್ತೀನಿ,” ಅಂದೆ.

“ಅವನದು ಕಿತ್ಕೋ ಅಂದೆನಾ ನಾನು? ನಂಗೂ ಕೊಡು ಅಂದೆ.”

“ಮತ್ತೆ ನಂಗೆ?” ಎಂದಳು ಕೆಜಾಯಾ.

“ನಿಂಗೆ ಮೊದಲು ಕಂಪನಿ ಯಾವುದು, ಮುತ್ತಜ್ಜಿ ಯಾರು ಅಂತ ಗೊತ್ತಾಗ್ಲಿ,” ಎಂದರು ಮಿಸೆಸ್ ಮ್ಯಾನಿಗೋ, ಮತ್ತು ಎರಡು ದಿನದಲ್ಲಿ ಮೊದಲ ಸಲ ನಕ್ಕರು.

೧ (ಮತ್ತೆ)

ಆ ಮೊದಲ ಸಾಲನ್ನು ಈಗ ತಿದ್ದಲೇ? ತಿದ್ದಿದರೆ ನಾನು ಬಲು ಸಭ್ಯ ಲೇಖಕನೆಂದು ನೀವು ನಂಬಿಬಿಡುತ್ತೀರಿ. ತಿದ್ದದಿದ್ದರೆ ಅವರು ಪೈ ಹಿಡಿದು ಅದೇ ಬಾಗಿಲಲ್ಲಿ ಅದೇ ‘ಳು’ ಹೊತ್ತು ನಿಂತಿರುತ್ತಾರೆ, ಅಚ್ಚಾದ ಪ್ರತಿಯೊಂದು ಪ್ರತಿಯಲ್ಲೂ. ಕೆಜಾಯಾಳನ್ನು ಕೇಳಿದೆ. “ಆ ಹಳೆ ಪೊಟ್ಟಣ ಒಂದನ್ನ ಚೀಟಿ ಅಂಟಿಸ್ದೆ ಡ್ರಾಯರಿನಲ್ಲಿ ಇಟ್ಕೊಂಡಿದ್ದೀನಿ,” ಎಂದಳು. “ನೋಡಿದಾಗೆಲ್ಲ ‘ಇದು ನಿನ್ನ ಕೈಯದೇ’ ಅನ್ನುತ್ತೆ. ಅನ್ಲಿ.”

ಹಾಗಾಗಿ ತಿದ್ದಿಲ್ಲ. ಮೂರು ಮುಕ್ತಾಯಗಳನ್ನೂ ಅಂಗಡಿಯ ಕಸದ ಬುಟ್ಟಿಗೆ ಹಾಕಿದ್ದೇನೆ.

ಇವತ್ತು ಶುಕ್ರವಾರ. ಉಳಿದ ಪೊಟ್ಟಣಗಳೆಲ್ಲ ಹೊಸ ಚೀಟಿ ಅಂಟಿಸಿಕೊಂಡು ಬಾಯಿ ತೆರೆದು ಮೇಜಿನ ಮೇಲೆ ನಿಂತಿವೆ, ಖಾಲಿ. ಹಾಲಿಸ್ ಅವರು ನೋಟ್‌ಬುಕ್ ತೆರೆದು ಕೂತಿದ್ದಾರೆ, ಬರೆಯಲು ಏನೂ ಇಲ್ಲ. ಕೆಜಾಯಾ ಕಿಟಕಿಯನ್ನೇ ನೋಡುತ್ತಿದ್ದಾಳೆ. ಬಾಗಿಲ ಗಂಟೆ ಅಲ್ಲಾಡಿತು. ಬಂದವರು ಎರಡೂ ಕೈಯಲ್ಲಿ ಏನನ್ನೋ ಹಿಡಿದಿದ್ದಾರೆ. ಡಬ್ಬಿಯೋ, ಪೈಯೋ, ತಕ್ಕಡಿ ಅಡ್ಡ ಇರುವುದರಿಂದ ನನಗೆ ಕಾಣುತ್ತಿಲ್ಲ. ಸಾಲನ್ನು ಇಲ್ಲಿಯವರೆಗೆ ಬರೆದಿದ್ದೇನೆ:

ಮಿಸೆಸ್ ಅರ್ನಸ್ಟೀನ್ ಮ್ಯಾನಿಗೋ ಅಂಗಡಿಯೊಳಗೆ ಬಂದ___

ಕೊನೆಯ ಅಕ್ಷರ ನೀವು ಹಾಕಿ. ಸ್ವಲ್ಪ ಜೋರಾಗಿಯೇ ಹೇಳಿ ಹಾಕಿ, ಅವರು ಕೇಳಿಸಿಕೊಳ್ಳುತ್ತಿದ್ದಾರೆ.