ಯಾವ ಸಾರಿ

"ಅಲ್ಲಾಡಬೇಡಿ ಟೀಚರಮ್ಮ, ಬಣ್ಣ ಕಿವಿಗೆ ಹತ್ತುತ್ತೆ," ಎನ್ನುತ್ತ ಅಕ್ಕ ಬ್ರಷ್ಷನ್ನು ಬಟ್ಟಲಿಗೆ ಅದ್ದಿದಳು. "ಈಗ ಹೇಳಿ. ಇಂಗ್ಲಿಷಲ್ಲಿ ಸಾರಿ ಅಂದ್ರೆ ತಪ್ಪಾಯ್ತು ಅಂತಲೋ, ಅಯ್ಯೋ ಪಾಪ ಅಂತಲೋ?"

ಕನ್ನಡಿಯೊಳಗೆ ಟೀಚರಮ್ಮನ ಹುಬ್ಬು ಮೇಲೇರಿತು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು ಅವರು. ತಲೆಗೆ ಬಣ್ಣ ಹಚ್ಚಿಸಿಕೊಳ್ಳಲು ಈ ಪಾರ್ಲರಿಗೆ ಬಂದಾಗಲೆಲ್ಲ ಇಂಥದೊಂದು ಪ್ರಶ್ನೆ ಕಾದಿರುತ್ತಿತ್ತು. ಹೋದ ಸಲ, ಕೈಯಲ್ಲಿರುವುದು ಒಂದೇ ಕತ್ತರಿಯಾದರೂ ಅದನ್ನು ಸಿಸರ್ಸ್ ಎಂದು ಬಹುವಚನದಲ್ಲಿ ಮರ್ಯಾದೆ ಕೊಟ್ಟು ಕರೆಯುವುದು ಯಾಕೆ ಎಂದು ಅಕ್ಕ ಕೇಳಿದ್ದಳು. ತಮ್ಮನೊಬ್ಬನಿಗೆ ಅಕ್ಕನಾಗಿದ್ದವಳು ಪಾರ್ಲರ್ ತೆರೆದ ಮೇಲೆ ಓಣಿಗೆಲ್ಲ ಅಕ್ಕನಾಗಿದ್ದಳು. ತಲೆಗೆ ಹೊಕ್ಕ ಹುಳವನ್ನು ಹೊರಗೆ ತೆಗೆಯುವ ತನಕ ಅವಳಿಗೆ ಊಟ ಸೇರುತ್ತಿರಲಿಲ್ಲ.

"ಎರಡೂ ಹೌದು," ಎಂದರು ಟೀಚರಮ್ಮ. "ಕಾಲು ತುಳಿದ್ರೂ ಸಾರಿ, ಯಾರಾದ್ರೂ ಸತ್ರೂ ಸಾರಿ. ನಮ್ಮ ಯಜಮಾನ್ರು ಹೋದಾಗ ಓದಿದೋರೆಲ್ಲ ಬಂದು ಸಾರಿ ಅಂದ್ರು. ಅವರೇನು ಕೊಂದಿದ್ರಾ? ಮಾತು ಕೇಳಿಸದಿದ್ರೂ ಸಾರಿ ಅಂತಾರೆ, ಆದ್ರೆ ಅದಕ್ಕೆ ಕೊನೇಲಿ ರಾಗ ಏರಿಸ್ಬೇಕು."

"ಹಾಗಾದ್ರೆ ಕೇಳಿಸಿಕೊಂಡೋರಿಗೆ ಯಾವುದು ಅಂತ ಗೊತ್ತಾಗೋದು ಹೇಗೆ?"

"ಹಿಂದೆ ಮುಂದೆ ನೋಡ್ಬೇಕಮ್ಮ. ಸಾರಿ ಆದ್ಮೇಲೆ ನಾನು ಹೀಗೆ ಮಾಡಿಬಿಟ್ಟೆ ಅಂತ ಬಂದ್ರೆ ತಪ್ಪೊಪ್ಪಿಗೆ. ನಿಮಗೆ ಹೀಗಾಯ್ತಲ್ಲ ಅಂತ ಬಂದ್ರೆ ಮರುಕ. ಯಾಕೆ, ಯಾರು ಅಂದ್ರು?"

ಅಕ್ಕ ಬ್ರಷ್ಷು ಕೆಳಗಿಟ್ಟು ಹೇಳಿದಳು. ಅವಳ ತಮ್ಮ ರಟ್ಟಿನ ಡಬ್ಬಿ ಮಾಡುವ ಕಾರ್ಖಾನೆಯಲ್ಲಿ ಕತ್ತರಿಸುವ ಮೆಷಿನ್ನಿನ ಕೆಲಸಗಾರ. ಕಳೆದ ತಿಂಗಳು ಅವನ ಬಲಗೈಯ ಎರಡು ಬೆರಳ ತುದಿ ಬ್ಲೇಡಿಗೆ ಸಿಕ್ಕಿ ತುಂಡಾದವು. ಕೈ ಸಿಗದಂತೆ ಬ್ಲೇಡಿನ ಮುಂದೆ ಇರಬೇಕಾದ ಗಾರ್ಡು ಆ ಹೊತ್ತು ಅಲ್ಲಿರಲಿಲ್ಲ. ಹಿಂದಿನ ಸಂಜೆ ಅದನ್ನು ಬಿಚ್ಚಿ ಮೆಷಿನ್ನು ಒರೆಸಿದವನು ನೀನೇ, ತಿರುಗಿ ಹಾಕುವುದನ್ನು ಮರೆತಿದ್ದೀಯ ಎಂದ ಸೂಪರ್‌ವೈಸರ್. ತಮ್ಮನಿಗೆ ನೆನಪಾಗಲಿಲ್ಲ, ಇರಬಹುದು ಎಂದು ಒಪ್ಪಿಕೊಂಡ. ಆಮೇಲೆ ಕಾರ್ಖಾನೆಯ ಯಜಮಾನರೇ ಆಸ್ಪತ್ರೆಗೆ ಬಂದು, ಮಂಚದ ಪಕ್ಕ ನಿಂತು, ಸಾರಿ ಎಂದು ಹೇಳಿ ಹೋದರು.

"ಅಷ್ಟೇನಾ? ಮುಂದೇನೂ ಅನ್ಲಿಲ್ವಾ?"

"ಬರೀ ಸಾರಿ. ಎಷ್ಟು ಸಾರಿ ಕೇಳಿದ್ರೂ ಅವನು ಹೇಳೋದು ಅದನ್ನೇ. ಅಷ್ಟು ದೊಡ್ಡೋರು ಬಂದು ಮಾತಾಡಿಸಿದ್ರಲ್ಲ, ಸಾಕು ಬಿಡು ಅಂತಾನೆ."

ಟೀಚರಮ್ಮ ಕನ್ನಡಿಯಲ್ಲೇ ಅವಳನ್ನು ನೋಡಿದರು. "ಇದಕ್ಕೆ ವ್ಯಾಕರಣದಲ್ಲಿ ಉತ್ತರ ಇಲ್ಲಮ್ಮ. ಅಂದವರನ್ನೇ ಕೇಳ್ಬೇಕು."

ಅವರು ಹೇಳಿದ್ದು ಮಾತಿಗೆ. ಅಕ್ಕ ಅದನ್ನು ಅಕ್ಷರಶಃ ಹಿಡಿದುಕೊಂಡಳು.

ಕೆಲಸಕ್ಕೆ ಮರಳುವ ಮಾತಾಡಲು ತಮ್ಮ ಹೊರಟ ದಿನ ಪಾರ್ಲರಿಗೆ ಬೀಗ ಹಾಕಿ ಅವಳೂ ಹೊರಟಳು. "ನೀನ್ಯಾಕೆ? ನಾನೇನು ಸ್ಕೂಲಿಗೆ ಸೇರ್ತಿದೀನಾ?" ಎಂದು ಅವನು ದಾರಿಯುದ್ದಕ್ಕೂ ಗೊಣಗಿದ. ಕಾರ್ಖಾನೆಯೊಳಗೆ ಅಂಟಿನ ವಾಸನೆ, ಆಳೆತ್ತರದ ರಟ್ಟಿನ ರಾಶಿ. ಯಜಮಾನರ ಕೋಣೆಯ ಕಿಟಕಿ ಮೆಷಿನ್ನುಗಳ ಕಡೆಗೇ ತೆರೆದಿತ್ತು. ಅವರು ಇಬ್ಬರನ್ನೂ ಕೂರಿಸಿ, ಮನೆಯವರ ಆರೋಗ್ಯ ವಿಚಾರಿಸಿದರು.

"ಸಾರ್, ಅವತ್ತು ನೀವು ಇವನಿಗೆ ಸಾರಿ ಅಂದ್ರಲ್ಲ, ಅದು ಯಾವ ಸಾರಿ?" ಎಂದಳು ಅಕ್ಕ.

ಹೊರಗೆ ಮೆಷಿನ್ನು ಗಡಗಡ ಎನ್ನುತ್ತಿತ್ತು. ಯಜಮಾನರು ಮುಂದಕ್ಕೆ ಬಾಗಿ, "ಸಾರಿ?" ಎಂದರು.

ಇದು ಮೂರನೆಯದು, ರಾಗ ಏರಿಸಿದ್ದು ಎಂದು ಅಕ್ಕನಿಗೆ ತಿಳಿಯಿತು. ನಗು ಬಂದದ್ದನ್ನು ನುಂಗಿಕೊಂಡು ಇನ್ನೂ ಗಟ್ಟಿಯಾಗಿ ಕೇಳಿದಳು. ಮೇಜಿನ ಕೆಳಗೆ ತಮ್ಮ ಅವಳ ಕಾಲು ಒತ್ತಿದ.

"ಅದೊಂದು ಮಾತಮ್ಮ. ಎಲ್ಲರೂ ಅಂತಾರೆ."

"ಅದಕ್ಕೇ ಕೇಳ್ತಿದೀನಿ ಸಾರ್. ಜಗಳಕ್ಕೆ ಬಂದಿಲ್ಲ. ನಮ್ಮ ಮಾತಲ್ಲಿ ತಪ್ಪಾಯ್ತು ಅನ್ನೋದು ಬೇರೆ, ಪಾಪ ಅನ್ನೋದು ಬೇರೆ. ನೀವು ಅಂದಿದ್ದು ಯಾವುದು ಅಂತ ತಿಳಿದ್ರೆ ಸಾಕು."

ಯಜಮಾನರು ಎದ್ದು ಕಿಟಕಿ ಮುಚ್ಚಿದರು. ಸದ್ದು ಅಡಗಿತು. ಅವರು ತಿರುಗಿ ಬಂದು ಕೂರಲಿಲ್ಲ. ಅಲ್ಲೇ ನಿಂತು, ಆವರೆಗೆ ಕಣ್ಣು ತಪ್ಪಿಸಿದ್ದ ತಮ್ಮನ ಕೈಯನ್ನು ನೋಡಿದರು.

"ಗಾರ್ಡ್ ಬಿಚ್ಚಿಸಿದ್ದು ನಾನಪ್ಪ. ಅವತ್ತು ಬೆಳಿಗ್ಗೆ, ನೀನು ಬರೋ ಮುಂಚೆ. ಅದಿದ್ರೆ ಕೆಲಸ ನಿಧಾನ, ಆರ್ಡರ್ ತಡ ಆಗಿತ್ತು. ಆಸ್ಪತ್ರೇಲಿ ಇದನ್ನೇ ಹೇಳ್ಬೇಕು ಅಂತ ಬಂದಿದ್ದೆ. ಬಾಯಿಗೆ ಸಾರಿ ಬಂತು. ಅಲ್ಲಿಗೇ ನಿಂತೋಯ್ತು."

ಹುಡುಕಿದ್ದು ಸಿಕ್ಕರೆ ಅಕ್ಕನಿಗೆ ಯಾವಾಗಲೂ ಒಂದು ಖುಷಿಯಾಗುತ್ತಿತ್ತು. ಈಗ ಆಗಲಿಲ್ಲ. ಅವಳು ತಮ್ಮನ ಮುಖ ನೋಡಿದಳು. ಅವನು ತನ್ನ ಬಲಗೈಯನ್ನೇ ನೋಡುತ್ತಿದ್ದ.

"ನಾನೇ ಮರೆತಿದ್ದೆ ಅಂದ್ಕೊಂಡಿದ್ದೆ ಸಾರ್," ಎಂದ ಅವನು. "ದಿನಾ ಕೂತು ನೆನಪು ಮಾಡ್ಕೋತಿದ್ದೆ. ಗಾರ್ಡ್ ತಿರುಗಿ ಹಾಕಿದ್ದು ಕಣ್ಣಿಗೆ ಕಟ್ಟಿದ ಹಾಗಿರ್ತಿತ್ತು. ಆದ್ರೂ ಇಲ್ಲ, ನಾನೇ ಸುಳ್ಳು ನೆನೆಸ್ಕೋತಿದೀನಿ ಅಂತ..."

"ನೀನು ಹಾಕಿದ್ದೆ," ಎಂದರು ಯಜಮಾನರು. "ತಪ್ಪಾಯ್ತು. ಗಾರ್ಡ್ ಈಗ ಹಾಕ್ಸಿದೀನಿ, ಇನ್ನು ಬಿಚ್ಚಲ್ಲ. ನಾಳೆಯಿಂದ ಬರ್ತೀಯಲ್ಲ?" ಎಂದು ಕೇಳಿದರು.

ಬೆಳಿಗ್ಗೆಯಿಂದ ಹೂಂ ಎನ್ನಲೆಂದೇ ಕಾದಿದ್ದವನು ತಮ್ಮ. ಈಗ ಕುರ್ಚಿಯಿಂದ ನಿಧಾನವಾಗಿ ಎದ್ದ.

"ಯೋಚ್ನೆ ಮಾಡಿ ಹೇಳ್ತೀನಿ ಸಾರ್."

ಇಬ್ಬರೂ ಗೇಟು ದಾಟಿ ನಡೆದರು. ರಸ್ತೆಯ ತಿರುವಿನ ಚಹಾ ಅಂಗಡಿಯ ಮುಂದೆ ತಮ್ಮ ತಾನಾಗಿಯೇ ನಿಂತು ಎರಡು ಚಹಾ ಹೇಳಿದ. ಆಗಷ್ಟೇ ಕುದಿಸಿ ಸೋಸಿದ ಚಹಾ. ಎಡಗೈಯಲ್ಲಿ ಲೋಟ ತೆಗೆದುಕೊಂಡವನು, ಏನೋ ಯೋಚಿಸಿ, ಅದನ್ನು ಬಲಗೈಗೆ ಬದಲಿಸಿದ. ಗಾಯವಾದಾಗಿನಿಂದ ಮರಗಟ್ಟಿದಂತಿದ್ದ ಎರಡು ಮೋಟು ಬೆರಳನ್ನೂ ಗಾಜಿಗೆ ಒತ್ತಿ ಹಿಡಿದ.

"ಅಕ್ಕ, ಬಿಸಿ ಗೊತ್ತಾಗ್ತಾ ಇದೆ," ಎಂದ.

ಅಕ್ಕ ಏನೂ ಕೇಳಲಿಲ್ಲ. ಅವನು ಕುಡಿಯದೆ, ಕೆಳಗಿಡದೆ, ಲೋಟವನ್ನು ಹಾಗೇ ಹಿಡಿದು ನಿಂತಿದ್ದ.