ಗಲ್ಲಾಕ್ಕೆ ಸುದ್ದಿ ಕೊನೆಗೆ

ಕಾದ ಕಾವಲಿಗೆ ಅರ್ಧ ಈರುಳ್ಳಿ ಉಜ್ಜಿದಾಗ ಏಳುವ ವಾಸನೆ ಸಮೀಕ್ಷಾಳಿಗೆ ಅಕ್ಷರ ಕಲಿಯುವ ಮೊದಲೇ ಗೊತ್ತಿತ್ತು. ಚೆನ್ನೈನ ಮೈಲಾಪುರದ ಹೋಟೆಲೊಂದರಲ್ಲಿ ಅವಳ ಅಪ್ಪಯ್ಯ ಭೋಜರಾಜ ದೋಸೆ ಹೊಯ್ಯುತ್ತಿದ್ದರು. ಒಂದು ದಿನ ಆ ವಾಸನೆಗೇ ಮರುಳಾಗಿ ಅವಳು ಕಾವಲಿ ಮುಟ್ಟಿಬಿಟ್ಟಿದ್ದಳು. ಕೈ ತಾನಾಗಿ ಹಿಂದಕ್ಕೆ ಬಂದಿತ್ತು. ಅಳು ಬಂದದ್ದು ಆಮೇಲೆ.

ಈಗ ಮೆಡಿಕಲ್ ಕಾಲೇಜಿನ ಮೊದಲ ವರ್ಷದಲ್ಲಿ ಅವಳು ಅದನ್ನೇ ನಾಟಕ ಮಾಡಲು ಹೊರಟಿದ್ದಳು.

ಫಿಸಿಯಾಲಜಿ ವಿಭಾಗದ ಸ್ಪರ್ಧೆ. ಯಾವುದಾದರೂ ಒಂದು ಪಾಠವನ್ನು ಹಾಡಿಯೋ, ರಂಗೋಲಿ ಬಿಡಿಸಿಯೋ, ಕುಣಿದೋ, ನಾಟಕವಾಡಿಯೋ ತೋರಿಸಬೇಕು. ಉಳಿದವರಿಗೆ ಅದು ಬಹುಮಾನದ ಮಾತು. ಸಮೀಕ್ಷಾ ಮತ್ತು ಅವಳ ಗೆಳತಿ ಮಾನ್ಯಾಳಿಗೆ ಹಾಗಲ್ಲ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಪ್ರಶ್ನೆ ಕೇಳಿದ ಕೂಡಲೇ ಇಬ್ಬರ ನಾಲಿಗೆಯೂ ಕಟ್ಟಿಹೋಗುತ್ತಿತ್ತು. ವಿಭಾಗದ ಪ್ರಾಧ್ಯಾಪಕಿ ಡಾಕ್ಟರ್ ಗುಣವತಿ ಇಬ್ಬರನ್ನೂ ಕರೆದು, "ವೇದಿಕೆಯ ಮೇಲೆ ಒಂದೊಂದು ಪ್ರಶ್ನೆ ಕೇಳ್ತೀನಿ. ಉತ್ತರ ಹೇಳಿದರೆ ಅದನ್ನೇ ವೈವಾ ಅಂದ್ಕೋತೀನಿ" ಎಂದಿದ್ದರು. ವೈವಾ ಪಾಸಾಗದಿದ್ದರೆ ವಾರ್ಷಿಕ ಪರೀಕ್ಷೆಗೆ ಕೂರುವಂತಿಲ್ಲ.

ಸ್ಪರ್ಧೆಯ ದಿನ ಬೆಳಿಗ್ಗೆ ಅವಳು ಇಡ್ಲಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಹೆದರೂದ್ ಎಂತಕ್ ಮಾರಾಯ್ತಿ? ತಿಂಬುಕ್ ಕೊಟ್ರೆ ತಿನ್ನೂದಿಲ್ಲ, ಮಾತಾಡ್ ಅಂದ್ರೆ ಮಾತಾಡೂದಿಲ್ಲ. ಬಾಯಿ ಇಪ್ಪುದ್ ಎಂತಕ್?" ಎಂದು ಅಪ್ಪಯ್ಯ ನಗಿಸಲು ನೋಡಿದರು. ಅವಳಿಗೆ ನಗು ಬರಲಿಲ್ಲ. ಬಸ್ಸಿನಲ್ಲಿ ಅವಳ ಮೊಣಕಾಲು ಒಂದೇ ಸಮನೆ ಕುಣಿಯುತ್ತಿದ್ದುದನ್ನು ಕಂಡು ಪಕ್ಕದ ಹೆಂಗಸು ಏನೂ ಕೇಳದೆ ಕಿಟಕಿಯ ಕಡೆ ಜಾಗ ಬಿಟ್ಟುಕೊಟ್ಟಳು.

ಕಾಲೇಜಿನ ಸಭಾಂಗಣದ ಬಾಗಿಲಲ್ಲಿ ಸಹಪಾಠಿ ವರುಣ್ ಕಾಯುತ್ತಿದ್ದ. ಅವನದು ಎಗ್ಮೋರ್ ಸ್ಟೇಷನ್ನಿನ ಬಳಿಯ ರೈಲ್ವೆ ನೌಕರರ ಮನೆತನ. ಅಜ್ಜಿ ಕನ್ನಡದಲ್ಲಿ ಬೈದರೆ ತಮಿಳಿನಲ್ಲಿ ಎದುರು ಮಾತಾಡಿ ಬೆಳೆದವನು.

"ಟೆನ್ಷನ್ ಆಗಾದೆ ಮಾ, ಹೆದರ್ಬೇಡ," ಎಂದ. "ನಾನು ಸಪ್ಲೈಯರ್, ಅಂದ್ರೆ ನರ. ಕೈ ಸುಟ್ಟಿತು ಅನ್ನೋ ಸುದ್ದಿ ತಗೊಂಡು ಓಡಿ ಬರ್ತೀನಿ. ಅಷ್ಟೇ ತಾನೆ?"

"ಎಲ್ಲಿಗೆ ಓಡಿ ಬರ್ತೀಯ, ಅದು ಹೇಳು."

"ಅಯ್ಯೋ, ಗೊತ್ತು ಬಿಡು."

ಮೇಜಿನ ಮೇಲೆ ರಟ್ಟಿನ ಕಾವಲಿ, ಅದರ ಮೇಲೆ ದಾರ ಕಟ್ಟಿದ ರಟ್ಟಿನ ಕೈ. ಸೌಟು ಹಿಡಿದ ಸಮೀಕ್ಷಾ ಅಡುಗೆಮನೆ, ಅಂದರೆ ಬೆನ್ನುಹುರಿ. ಎತ್ತರದ ಕುರ್ಚಿಯಲ್ಲಿ ಮಾನ್ಯಾ ಗಲ್ಲಾ, ಅಂದರೆ ಮಿದುಳು. ಸುದ್ದಿ ಅಡುಗೆಮನೆಗೆ ಬಂದ ತಕ್ಷಣ ಅಲ್ಲಿಂದಲೇ 'ಎತ್ತು' ಎಂಬ ಅಪ್ಪಣೆ ಹೋಗಬೇಕು, ವರುಣ್ ದಾರ ಎಳೆಯಬೇಕು. ಗಲ್ಲಾಕ್ಕೆ ಚೀಟಿ ಮುಟ್ಟುವುದು ಕೊನೆಗೆ. ಆಗ ಮಾನ್ಯಾ "ಅಯ್ಯೋ, ಉರಿ!" ಎನ್ನಬೇಕು.

ಪರದೆ ಸರಿಯಿತು. ವರುಣ್ ಓಡಿದ, ನೇರವಾಗಿ ಗಲ್ಲಾದ ಮುಂದೆ ಹೋಗಿ ಕೈಚಾಚಿ ನಿಂತ.

ಅಪ್ಪಯ್ಯನ ಹಳೆಯ ಹೋಟೆಲಿನಲ್ಲಿ ಮೊದಲು ತಿಂದು ಆಮೇಲೆ ದುಡ್ಡು ಕೊಡುವ ಪದ್ಧತಿ. ವರುಣ್ ಹುಟ್ಟಿದಾಗಿನಿಂದ ತಿಂದದ್ದೆಲ್ಲ ಸ್ಟೇಷನ್ ಎದುರಿನ, ಮೊದಲು ಗಲ್ಲಾದಲ್ಲಿ ದುಡ್ಡು ಕೊಟ್ಟು ಟೋಕನ್ ಪಡೆಯುವ ಹೋಟೆಲುಗಳಲ್ಲಿ. ಗಡಿಬಿಡಿಯಲ್ಲಿ ಅವನ ಕಾಲು ಅಭ್ಯಾಸದ ದಾರಿ ಹಿಡಿದಿತ್ತು. ಮಾನ್ಯಾ ಕಣ್ಣು ಬಿಟ್ಟುಕೊಂಡು ಕುಳಿತಳು. ರಟ್ಟಿನ ಕೈ ಕಾವಲಿಯ ಮೇಲೇ ಇತ್ತು. ಹಿಂದಿನ ಸಾಲಿನಿಂದ ಯಾರೋ "ಚಿಲ್ಲರೆ ಇಲ್ವಾ?" ಎಂದು ಕೂಗಿದರು. ಸಭಾಂಗಣ ಬಿದ್ದು ಬಿದ್ದು ನಕ್ಕಿತು.

ಸಮೀಕ್ಷಾಳಿಗೆ ಕಾವಲಿಯ ಮೇಲಿನ ಆ ಕೈಯನ್ನು ನೋಡುತ್ತ ಸುಮ್ಮನೆ ನಿಲ್ಲಲು ಆಗಲಿಲ್ಲ.

"ಡೇಯ್! ಟೋಕನ್ ಎಲ್ಲಾ ವೇಂಡಾಂ, ಬೇಡ, ಕೈ ಸುಡುದು! ನೇರಾ ಕಿಚನ್‌ಗೆ ವಾ!" ಎಂದು ಸೌಟೆತ್ತಿ ಕಿರುಚಿದಳು.

ವರುಣ್ ಬೆಚ್ಚಿ ಓಡಿಬಂದು ದಾರ ಎಳೆದ. ಅವಳು ಸಭೆಯ ಕಡೆ ತಿರುಗಿದಳು. "ಮಿದುಳಿನ ಮುಂದೆ ಕ್ಯೂ ನಿಂತರೆ ಕೈ ಹೀಗೆ ಸೀದುಹೋಗುತ್ತೆ," ಎಂದಳು. "ಅದಕ್ಕೇ ಬೆನ್ನುಹುರಿ ಕೇಳದೇ ಕೆಲಸ ಮಾಡೋದು."

ನಗು ನಿಂತು ಚಪ್ಪಾಳೆ ಎದ್ದಿತು. ಗುಣವತಿ ಮೈಕ್ ತೆಗೆದುಕೊಂಡರು. "ಸಮೀಕ್ಷಾ, ಹಾಗಾದ್ರೆ ಈ ಕೆಲಸದಲ್ಲಿ ಗಲ್ಲಾಕ್ಕೆ ಮಾತೇ ಇಲ್ವಾ?"

"ಇದೆ ಮೇಡಮ್. ಬಿಸಿ ಪಾತ್ರೆ ಹಿಡಿದಾಗ ಕೆಳಗೆ ಮಗು ಇದ್ರೆ, 'ಸುಟ್ಟರೂ ಬಿಡಬೇಡ' ಅಂತ ಮಿದುಳು ತಡೆಯಬಲ್ಲದು." ಮಾತು ಮುಗಿದ ಮೇಲೆಯೇ ತಾನು ಮಾತಾಡಿದ್ದು ಅವಳಿಗೆ ತಿಳಿದದ್ದು.

"ಸರಿ. ಮಾನ್ಯಾ, ನೋವಿನ ಸುದ್ದಿ ಮಿದುಳಿಗೆ ಹೇಗೆ ಹೋಗುತ್ತೆ?"

ಮಾನ್ಯಾಳ ತುಟಿ ಅಲುಗಿತು. ಸ್ವರ ಹೊರಡಲಿಲ್ಲ. ಸಭೆ ಗುಸುಗುಸು ಎನ್ನುವ ಮೊದಲೇ ಗುಣವತಿ ಮೈಕ್ ಆಫ್ ಮಾಡಿ ಹತ್ತಿರ ಬಂದರು. "ನಾಳೆ ನನ್ನ ರೂಮಿಗೆ ಬಾ. ನಾವಿಬ್ಬರೇ ಕೂತು ಮಾತಾಡೋಣ" ಎಂದು ಅವಳಿಗೆ ಮಾತ್ರ ಕೇಳುವಂತೆ ಹೇಳಿದರು. ಮಾನ್ಯಾ ತಲೆ ತಗ್ಗಿಸಿ ಹೊರಗೆ ನಡೆದಳು.

ಬಹುಮಾನ ಮೂತ್ರಪಿಂಡದ ಹಾಡಿಗೆ ಹೋಯಿತು. "ನೀನು ಪಾಸ್, ನಾನು ಕಾಮಿಡಿ ಪೀಸ್!" ಎಂದು ವರುಣ್ ಕುಣಿದ. ಸಮೀಕ್ಷಾಳಿಗೆ ಮಾತ್ರ ಕುಳಿತಲ್ಲಿ ಕೂರಲಾಗಲಿಲ್ಲ. ಲೈಬ್ರರಿ ನೋಡಿದಳು, ಹಾಸ್ಟೆಲಿನ ಗೇಟು ನೋಡಿದಳು. ಕೊನೆಗೆ ಲ್ಯಾಬಿನ ಹಿಂದಿನ ಮೆಟ್ಟಿಲ ಮೇಲೆ ಮಾನ್ಯಾ ಕಂಡಳು. ಮೊಣಕಾಲಿಗೆ ಮುಖ ಒತ್ತಿಕೊಂಡಿದ್ದಳು. ನಾಳೆಯ ಪಾಠವನ್ನು ಬಾಯಿಪಾಠ ಮಾಡುತ್ತಿದ್ದಳೋ, ಅಳುತ್ತಿದ್ದಳೋ.

'ನಾಳೆ ನೀನೂ ಹೇಳ್ತೀಯ ಬಿಡು' ಎನ್ನಬೇಕೆಂದುಕೊಂಡಳು ಸಮೀಕ್ಷಾ. ಹಾಗೆ ಅಂದವರ ಮೇಲೆ ತನಗೆ ಎಷ್ಟು ಸಿಟ್ಟು ಬರುತ್ತಿತ್ತೆಂಬುದು ನೆನಪಾಗಿ, ಬಂದ ದಾರಿಯಲ್ಲೇ ಕ್ಯಾಂಟೀನಿಗೆ ಹೋದಳು.

ಹಿಂತಿರುಗಿ ಬಂದು, ಒಂದು ಮೆಟ್ಟಿಲು ಕೆಳಗೆ ಕುಳಿತು, ಮೊಸರನ್ನದ ತಟ್ಟೆಯನ್ನು ಮಾನ್ಯಾಳ ಕೈಗೆ ಕೊಟ್ಟಳು.